ಅಂಟಿನ ಡಬ್ಬಿ ಹಿಡಿದು ಗಲಗಲಿಗೆ

ಆಗ ನನಗೆ ಐವತ್ತೇಳು. ಅದಾಗಿ ಈಗ ಹತ್ತು ವರ್ಷ. ವಯಸ್ಸು ಯಾಕೆ ಹೇಳುತ್ತೇನೆಂದರೆ, ಆ ವಯಸ್ಸಿಗೆ ಕೆಲಸವೆಲ್ಲ ಗೊತ್ತಾಯಿತು ಎಂಬ ಸೊಕ್ಕು ಬಂದಿರುತ್ತದೆ. ನನಗೂ ಬಂದಿತ್ತು. ಮಾಳವ್ವನ ಲೇಖನ ಬಂದ ಮೇಲೆ ಇಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಸಿಪಾಯಿ. ಆ ಕಾಲೇಜಿನವರು ಒಂದು ಸಂಶೋಧನಾ ಪತ್ರಿಕೆ ತರುತ್ತಿದ್ದರು, ವರ್ಷಕ್ಕೆ ಎರಡು ಸಲ. ಅದರ ಕಚೇರಿಯೇ ನನ್ನ ಜಾಗ. ಸಿಪಾಯಿಯಾಗಿ ಒಳಗೆ ಹೋದೆ, ಸಿಪಾಯಿಯಾಗಿಯೇ ಹೊರಗೆ ಬಂದೆ, ಬಡ್ತಿಯ ಮಾತು ಕೇಳಬೇಡಿ. ಓದಿದ್ದು ನಾಲ್ಕನೇ ಇಯತ್ತೆ. ಅದಕ್ಕೂ ಮೊದಲು ಬನಹಟ್ಟಿಯಲ್ಲಿ ಮಗ್ಗದ ಮನೆಯವರಿಗೆ ಕಂಡಕಿಗೆ ನೂಲು ಸುತ್ತಿಕೊಡುತ್ತಿದ್ದೆ. ಅಲ್ಲಿ ಒಬ್ಬರ ಸೀರೆಯ ದಡಿ ನೋಡಿ ಇನ್ನೊಬ್ಬರು ಅದೇ ದಡಿ ನೇಯುತ್ತಿದ್ದರು. ಮುಂಜಾನೆ ಬೈದಾಡುವರು, ಸಂಜೆಗೆ ಕೂಡಿ ಚಹಾ ಕುಡಿಯುವರು. ಕಾಗದದ ಲೋಕದಲ್ಲಿ ಹಾಗೆ ನಡೆಯುವುದಿಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಈಗ ಆ ಕಚೇರಿಗೆ ಹೊಸ ಹೆಣ್ಣುಮಕ್ಕಳು ಬಂದಿದ್ದಾರೆ. "ಆಯಿ, ನೀವು ಇದ್ದಾಗ ಕಳವಿನ ಲೇಖನ ಹೆಂಗ ಹಿಡೀತಿದ್ರಿ, ಬರದು ಕೊಡ್ರಿ" ಎಂದು ಬೆನ್ನು ಹತ್ತಿದರು. ಬರೆದಿದ್ದೇನೆ. ಅಕ್ಷರ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ.

ಸಂಪಾದಕರು ಕುಲಕರ್ಣಿ ಬಾಯಾರು, ಮೇಡಂ ಎನ್ನುವುದಕ್ಕೆ ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ನಮ್ಮ ಕನ್ನಡ. ಸಿಟ್ಟು ಬಂದರೆ ಎರಡನ್ನೂ ಬಿಟ್ಟು ಸುಮ್ಮನಾಗುವರು. ನಾವು ಹೆದರುತ್ತಿದ್ದದ್ದು ಅದಕ್ಕೆ.

ನನ್ನ ಮೊದಲ ಕೆಲಸ ಹೆಸರು ಕತ್ತರಿಸುವುದು. ಲೇಖನ ಟಪಾಲಿನಲ್ಲಿ ಬರುತ್ತಿತ್ತು. ಬರೆದವರ ಹೆಸರು, ಊರು ಇದ್ದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದದ್ದಕ್ಕೆ ನಂಬರು ಹಾಕಿ, ಪರಿಶೀಲನೆ ಮಾಡುವವರಿಗೆ ಕಳಿಸಬೇಕು. ಯಾರು ಬರೆದದ್ದೆಂದು ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಬೀಗರು, ಜಾತಿ, ಹಳೆ ಜಗಳ ಎಲ್ಲ ನಡುವೆ ಬರುತ್ತವೆ. ಕತ್ತರಿಸಿದ ಹೆಸರುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಬಾಯಾರ ಕಪಾಟಿನಲ್ಲಿ ಇಡುತ್ತಿದ್ದೆ. ಈಗ ಕಂಪ್ಯೂಟರೇ ಹೆಸರು ಮುಚ್ಚುತ್ತದಂತೆ. ಛಲೋ ಆಯಿತು. ಆದರೂ ಬ್ಲೇಡು ಕಂಡರೆ ನನ್ನ ಹೆಬ್ಬೆರಳು ತಾನೇ ಆಡುತ್ತದೆ.

ಬಾಯಾರು ಲೇಖನವನ್ನು ಮನಸ್ಸಿನಲ್ಲಿ ಓದುತ್ತಿರಲಿಲ್ಲ. ಬಾಯಿಬಿಟ್ಟು ಓದುವರು. ನಾನು ಸ್ಟೂಲಿನ ಮೇಲೆ ಕೂತು ಲಕೋಟೆ ಅಂಟಿಸುತ್ತ ಕೇಳುವೆ. ಅರ್ಧ ತಿಳಿಯುತ್ತಿರಲಿಲ್ಲ. ಈಗ ಮನೆಯಲ್ಲಿ ಟೀವಿ ಹಚ್ಚಿಕೊಂಡು ಕೂತರೆ ಎಲ್ಲ ಮಾತೂ ತಿಳಿಯುತ್ತದೆ, ಒಂದೂ ಬೇಕೆನಿಸುವುದಿಲ್ಲ. ಆ ಅರ್ಧ ತಿಳಿಯದ್ದೇ ಬೇಕೆನಿಸುತ್ತದೆ.

ಓದುತ್ತ ಓದುತ್ತ ಬಾಯಾರು ತಟ್ಟನೆ ನಿಲ್ಲುವರು.

"ಕಸ್ತೂರೀ, ಇಲ್ಲಿತನಕ ಈ ಮನಷ್ಯಾ ಎಡವಿಕೋತ ನಡ್ಯಾಕತ್ತಿದ್ದ. ಇಲ್ಲಿಂದ ಒಮ್ಮಿಗೇ ಓಡಾಕತ್ತಾನ. ಯಾರದೋ ಕಾಲು ತಂದಾನ."

ಹಾಗೆ ಸಂಶಯ ಬಂದರೆ ಪತ್ರ ಬರೆದು ಬೈಯುತ್ತಿರಲಿಲ್ಲ. ಆ ಮನುಷ್ಯನನ್ನು ಕಚೇರಿಗೆ ಕರೆಸುವರು. ನಾನು ಚಹಾ ಕೊಡಬೇಕು. ಚಹಾ ಮುಗಿದ ಮೇಲೆ ಬಾಯಾರು, "ಕಾಗದ ಬ್ಯಾಡ್ರಿ. ನಿಮ್ಮ ಲೇಖನ ಹಂಗ ಬಾಯಿಲೆ ಹೇಳ್ರಿ ನೋಡೂಣು" ಎನ್ನುವರು. ಬರೆದವನು ಹೇಳುತ್ತಾನೆ, ಕೆಲವೊಮ್ಮೆ ಬರೆದದ್ದಕ್ಕಿಂತ ಛಲೋ ಹೇಳುತ್ತಾನೆ. ಕದ್ದವನು ಎರಡನೇ ಕಪ್ಪು ಚಹಾ ಕೇಳುತ್ತಾನೆ.

ಮುಧೋಳ ಕಡೆಯ ಒಬ್ಬ ಮಾಸ್ತರ ಬಂದಿದ್ದ. ಇಡೀ ಲೇಖನ ಎಲ್ಲಿಂದಲೋ ಎತ್ತಿದ್ದು. ಕೊನೆಗೆ ಧನ್ಯವಾದದ ಸಾಲು ಇರುತ್ತದಲ್ಲ, ಅದನ್ನೂ ಬಿಡದೆ ಎತ್ತಿದ್ದ.

"ಕೊನಿಗೆ ಶಾರದಾ ಅನ್ನಾಕಿಗೆ ಧನ್ಯವಾದ ಹೇಳೀರಲ್ಲ, ಯಾರ್ರಿ ಅವರು?" ಬಾಯಾರು ಕೇಳಿದರು.

"ಹಿಂಗ... ಗುರ್ತಿನವರ್ರಿ."

"ಮನಿಯೊಳಗಿನ ಕಷ್ಟ ಎಲ್ಲಾ ಸಹಿಸಿಕೊಂಡಾಳ, ಜೀವನಸಂಗಾತಿ ಅಂತ ಬರದೀರಿ. ನಿಮ್ಮ ಮನಿಯವರ ಹೆಸರು ಶಾರದಾನ?"

"ಅಲ್ರಿ. ಸುವರ್ಣಾ ರಿ."

"ಸುವರ್ಣಾ ಅವರಿಗೆ ಇದು ಗೊತ್ತೈತೇನ್ರಿ?"

ನಾನು ಸೆರಗು ಬಾಯಿಗೆ ಹಿಡಿದು ಹೊರಗೆ ಹೋದೆ. ಆತ ಲೇಖನ ವಾಪಸು ಪಡೆಯುತ್ತೇನೆಂದು ಅಲ್ಲೇ ಕೂತು ಬರೆದುಕೊಟ್ಟು ಹೋದ. ಎಷ್ಟೋ ದಿನ ಬಾಯಾರು ಬೇಜಾರಾದಾಗ "ಕಸ್ತೂರೀ, ಶಾರದಾಗ ಒಂದು ಧನ್ಯವಾದ ಹೇಳು" ಎನ್ನುವರು. ಇಬ್ಬರೂ ನಗುತ್ತಿದ್ದೆವು. ಈಗ ಆ ಮಾತು ಹೇಳಿದರೆ ಯಾಕೆಂದು ತಿಳಿಯುವವರು ಯಾರೂ ಉಳಿದಿಲ್ಲ.

ಕದ್ದವರೆಲ್ಲ ಲೇಖನ ಅಚ್ಚಾಗುವ ಮೊದಲೇ ಸಿಗುತ್ತಿರಲಿಲ್ಲ. ಅಚ್ಚಾದ ಮೇಲೆ ಕಳವು ಗೊತ್ತಾದರೆ ಬಾಯಾರು ಮುಚ್ಚಿಡುತ್ತಿರಲಿಲ್ಲ. ಸಣ್ಣ ಚೀಟಿ ಅಚ್ಚು ಹಾಕಿಸುವರು: ಈ ಲೇಖನ ಇಂಥವರದು, ನಾವು ತಪ್ಪಿ ಇಂಥವರ ಹೆಸರಿನಲ್ಲಿ ಹಾಕಿದ್ದೇವೆ. ಮುಂದಿನ ಸಂಚಿಕೆಯಲ್ಲೂ ಅದನ್ನೇ ಹಾಕುವರು. ಆದರೆ ಹಳೆಯ ಸಂಚಿಕೆ ಓದುವವನು ಮುಂದಿನದನ್ನು ನೋಡುತ್ತಾನೆಂದು ಯಾವ ಖಾತ್ರಿ? ಅದಕ್ಕೇ ಚೀಟಿ ಹಳೆಯ ಪ್ರತಿಗೇ ಹಚ್ಚಬೇಕು ಎನ್ನುವುದು ಬಾಯಾರ ಹಟ. ಹಚ್ಚುವಾಕೆ ನಾನು. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ಹಳೆಯ ತುಪ್ಪದ ಡಬ್ಬಿಯಲ್ಲಿ ತುಂಬಿಕೊಂಡು, ಬಸ್ಸು ಹತ್ತಿ ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂದು ಗ್ರಂಥಾಲಯ ಗ್ರಂಥಾಲಯ ತಿರುಗುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಹುಳದಂತೆ ಹರಿದಾಡುವುದು, ಡಬ್ಬಿ ತೊಡೆಯ ಮೇಲೆ, ನಾನು ನಿದ್ದೆಗಣ್ಣಿನಲ್ಲಿ. ಆ ಕೆಲಸದ ಮೇಲೆ ನನಗೆ ಇರುವ ಆಸೆ ಇನ್ನೂ ಹೋಗಿಲ್ಲ.

ಆಮೇಲೆ ಮಶೀನು ಬಂತು. ಲೇಖನವನ್ನು ಕಂಪ್ಯೂಟರಿಗೆ ಹಾಕಿದರೆ, ಬೇರೆ ಕಡೆ ಇದ್ದ ಸಾಲುಗಳಿಗೆಲ್ಲ ಕೆಂಪು ಬಳಿದು ಕೊಡುತ್ತದೆ. ಬಾಯಾರ ಹಳೆಯ ಸಂಚಿಕೆಗಳನ್ನೂ ಅದರ ಹೊಟ್ಟೆಗೆ ತುಂಬಿಸಿದರು. ನಾನು ಆ ಕೆಂಪು ಹಾಳೆ ತಂದು ಟೇಬಲ್ಲಿನ ಮೇಲೆ ಇಡುವುದು. ಅವರು ಬಾಯಿಬಿಟ್ಟು ಓದುವುದು ಕಡಿಮೆ ಮಾಡಿದರು. ಕಚೇರಿಯಲ್ಲಿ ಫ್ಯಾನಿನ ಸದ್ದು ಮೊದಲ ಸಲ ನನಗೆ ಕೇಳಿಸಿತು.

ಮಾಳವ್ವನ ಲೇಖನ ಬಂದದ್ದು ಆ ಹೊತ್ತಿನಲ್ಲಿ. ಗಲಗಲಿಯ ಹುಡುಗಿ, ಕುರಿ ಕಾಯುವವರ ಮನೆತನ. ಬೀಳಗಿಯ ಕಾಲೇಜಿನಲ್ಲಿ ಹಂಗಾಮಿ ಮೇಲೆ ಪಾಠ ಮಾಡುತ್ತಿದ್ದಳು, ಡಾಕ್ಟರೇಟ್ ಮಾಡುತ್ತಿದ್ದಳು. ಲೇಖನ ಅವರ ದೇವರು ಬೀರಪ್ಪನ ಡೊಳ್ಳಿನ ಪದಗಳ ಮೇಲೆ. ಮಶೀನು ಹೊರಗೆ ಕೊಟ್ಟ ಹಾಳೆಯಲ್ಲಿ ಕೆಂಪು ಬಿಟ್ಟರೆ ಬಿಳಿ ಕಾಣಲಿಲ್ಲ. ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಬಂದದ್ದು ಅದು, ಪಾಟೀಲ ಸರ್ ಹೆಸರಿನಲ್ಲಿ. ಪಾಟೀಲ ಸರ್ ಎಂದರೆ ಮಾಳವ್ವನಿಗೆ ಎಂ.ಎ.ಗೆ ಕಲಿಸಿದ ಗುರು. ನಿವೃತ್ತಿಯಾಗಿ ಮುಧೋಳದಲ್ಲಿದ್ದರು. ಬಾಯಾರಿಗೂ ಹಿರಿಯರು.

ಪ್ರಾಚಾರ್ಯರು ಬಂದು ಹಾಳೆ ನೋಡಿದರು. "ಗುರುವಿನದ ಕದ್ದಾಳಲ್ರಿ ಬಾಯಾರ. ಆಕಿ ಕಾಲೇಜಿಗೆ ಒಂದು ಪತ್ರ ಬರೀರಿ, ಮುಗೀತು."

ಆ ಪತ್ರ ಹೋದರೆ ಹುಡುಗಿಯ ಕೆಲಸ ಹೋಗುತ್ತದೆ, ಡಾಕ್ಟರೇಟ್ ಅಲ್ಲಿಗೇ ನಿಲ್ಲುತ್ತದೆ. ಮೂವರಿಗೂ ಅದು ಗೊತ್ತಿತ್ತು.

"ಎರಡೂ ಒಂದ ಅಂತ ಮಶೀನ ಹೇಳೈತ್ರಿ," ಬಾಯಾರು ಎಂದರು. "ಯಾರದು ಅಂತ ಹೇಳಿಲ್ಲ. ಕರಸ್ತೀನಿ."

"ಕರಸ್ರಿ. ಚಹಾ ಖರ್ಚು ನಿಮ್ಮದು."

ಮಾಳವ್ವ ಬಂದಳು. ಕುರ್ಚಿಯ ಅಂಚಿಗೆ ಕೂತಳು. ನಾನೂ ಕಳ್ಳಿಯೇ ಎಂದುಕೊಂಡಿದ್ದೆ, ಚಹಾದ ಕಪ್ಪು ಟಕ್ಕನೆ ಇಟ್ಟೆ. ಬಾಯಾರು ಎಂದಿನಂತೆ ಕಾಗದ ಬೇಡ ಎಂದರು.

ಆಕೆ ಹೇಳತೊಡಗಿದಳು. ಗಂಡಸರು ಗುಡಿಯ ಮುಂದೆ ಡೊಳ್ಳಿಗೆ ಹಾಡುವ ಪದವನ್ನೇ ಹೆಂಗಸರು ಮನೆಯೊಳಗೆ ಕುರಿಮರಿಗೆ ಹಾಲು ಕುಡಿಸುವಾಗ ಹೇಗೆ ಬೇರೆ ಮಾಡಿ ಹಾಡುತ್ತಾರೆ, ಯಾವ ಮಾತು ಬಿಡುತ್ತಾರೆ, ಯಾವುದು ಸೇರಿಸುತ್ತಾರೆ, ಅವರವ್ವ ಹೇಗೆ, ಅಜ್ಜಿ ಹೇಗೆ. ಹೇಳುತ್ತ ಹೇಳುತ್ತ ಆಕೆಯ ಬೆರಳು ಟೇಬಲ್ಲಿನ ಮೇಲೆ ಡೊಳ್ಳು ಬಾರಿಸತೊಡಗಿತು. ಚಹಾ ಆರಿ ಕೆನೆ ಕಟ್ಟಿತು. ನನಗೆ ಅಂದು ಎಲ್ಲವೂ ತಿಳಿಯಿತು.

"ಹಂಗಾರ ಪಾಟೀಲ ಸರ್ ಹೆಸರಿಲೆ ಬಂದದ್ದು?" ಬಾಯಾರು ಕೇಳಿದರು.

"ಅದೂ ನಾನ ಬರದದ್ದರಿ, ಎಂ.ಎ. ಓದೂಮುಂದ. ನನ್ನ ಮಾತ ನಾ ಮತ್ತ ಬರದ್ರ ಕಳವು ಹೆಂಗಾಕೈತ್ರಿ?"

"ಮತ್ತ ಅವರ ಹೆಸರ ಯಾರ ಹಾಕಿದ್ರು?"

"ನಾನ ಹಾಕೀನ್ರಿ."

"ಅವರ ಕೇಳಿದ್ರೇನ?"

"ಇಲ್ರಿ. ಗುರುಗಳಲ್ರಿ. ನಮ್ಮಪ್ಪ ಹಂಗ ಮಾಡ್ತಾನ."

ಅವರಪ್ಪ ಪದ ಕಟ್ಟುವವನು. ಅವರ ಮೇಳದಲ್ಲಿ ಒಂದು ರೂಢಿ. ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ತನ್ನ ಹೆಸರು ಹೇಳುವುದಿಲ್ಲ. ಊರಿನ ಹೆಸರು, ಗುರುವಿನ ಹೆಸರು ಹೇಳಿ ಪದ ಮುಗಿಸುತ್ತಾನೆ. ತನ್ನ ಹೆಸರು ಸೇರಿಸಿದರೆ ಮಂದಿ ನಗುತ್ತಾರೆ. ಈ ಹುಡುಗಿ ಮೊದಲ ಲೇಖನ ಬರೆದಾಗ ಅದನ್ನೇ ಮಾಡಿದ್ದಳು. ಹೆಸರಿನ ಜಾಗದಲ್ಲಿ ಗುರುವಿನ ಹೆಸರು ಬರೆದು ಅವರಿಗೇ ಕೈಮುಗಿದು ಕೊಟ್ಟಿದ್ದಳು. ಸರ್ ಅದನ್ನು ಹಾಗೇ ನಮ್ಮ ಪತ್ರಿಕೆಗೆ ಕಳಿಸಿದ್ದರು.

ಬಾಯಾರು ಕನ್ನಡ, ಮರಾಠಿ ಎರಡನ್ನೂ ಬಿಟ್ಟು ಸುಮ್ಮನಾದರು. ಆಮೇಲೆ ನನ್ನ ಕಡೆ ನೋಡಿ ಎಂದರು, "ಕಸ್ತೂರೀ, ಆವಾಗ ಪಾಟೀಲ ಸರ್‌ನ ನಾ ಕರಸಿದ್ನೇನು? ಚಹಾ ಕೊಟ್ಟು ಕೇಳಿದ್ನೇನು?"

"ಇಲ್ರಿ. ಅವರು ದೊಡ್ಡವರು ಅಂದ್ರಿ. ಸೀದಾ ಅಚ್ಚಿಗೆ ಹೋತು."

"ಅದನ್ನ ಕೇಳಿದ್ದು." ಕನ್ನಡಕ ತೆಗೆದು ಒರೆಸಿಕೊಂಡರು. "ಸರ್‌ನ ಕರಸೂಣು."

ಮಾಳವ್ವ ಎದ್ದು ನಿಂತಳು. "ಬ್ಯಾಡ್ರಿ ಬಾಯಾರ. ನನ್ನ ಲೇಖನ ಹರದ ಒಗೀರಿ. ಬೇಕಾರ ನಾ ಕದ್ದೀನಿ ಅಂತ ಬರಕೋರಿ. ಸರ್‌ನ ಕರೀಬ್ಯಾಡ್ರಿ."

ಅಷ್ಟು ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನು ಬೇರೆ ಚಹಾ ತೆಗೆದುಕೊಂಡು ಹೋದೆ.

"ತಲಿ ನೆಟ್ಟಗ ಐತೇನ ನಿನಗ? ಕಳ್ಳಿ ಅನಿಸ್ಕೊಂಡು ಗಲಗಲಿಗೆ ಹೋಗಿ ನಿಮ್ಮಪ್ಪಗ ಏನ ಹೇಳಾಕಿ?"

"ನಮ್ಮಪ್ಪಗ ಓದಾಕ ಬರೂದಿಲ್ಲ ದೊಡ್ಡವ್ವಾ. ಆ ಲೇಖನ ಬಂದ ಪುಸ್ತಕ ಕೊಟ್ಟೀನಿ, ದೇವರ ಜಗಲಿ ಮ್ಯಾಲ ಇಟ್ಟಾನ. ಮಗಳು ಗುರುವಿನ ಹೆಸರಿಟ್ಟು ಕಟ್ಟಿದ್ದು ಅಂತ ಬಂದವರಿಗೆಲ್ಲ ತೋರಸ್ತಾನ."

"ನೋಡಿದವರೇನು ಅಂತಾರ?"

"ಛಲೋ ಅಂತಾರ."

"ಓದಾಕ ಬರೂ ಮಂದಿ ಬ್ಯಾರೆ ಕಡೆ ಇರತಾರ ಮಗಳ. ಚಹಾ ಕುಡಿ."

ಕುಡಿದಳು. ಅತ್ತಳು ಅನ್ನಬೇಡಿ, ಅಳಲಿಲ್ಲ. ಡೊಳ್ಳು ಬಾರಿಸಿದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದಳು.

ಪಾಟೀಲ ಸರ್ ಮುಂದಿನ ವಾರ ಬಂದರು. ಪ್ರಾಚಾರ್ಯರೂ ಇದ್ದರು, ಮಾಳವ್ವನೂ ಇದ್ದಳು, ಬಾಗಿಲ ಬಳಿ. ಬಾಯಾರು ಮೊದಲು ಸರ್ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆಮೇಲೆ ಎಲ್ಲರಿಗೆ ಕೇಳಿದ್ದನ್ನೇ ಅವರಿಗೂ ಕೇಳಿದರು.

"ಸರ್, ಕಾಗದ ಬ್ಯಾಡ್ರಿ. ಹಂಗ ಬಾಯಿಲೆ ಹೇಳ್ರಿ."

ಸರ್ ಹೇಳಿದರು. ಮೊದಲರ್ಧ ಛಲೋ ಹೇಳಿದರು, ಕಲಿಸಿದ ಮನುಷ್ಯ. ಹೆಂಗಸರ ಪದದ ಜಾಗಕ್ಕೆ ಬಂದಾಗ ಬಾಯಾರು, "ಇದನ್ನ ಯಾರ ಬಾಯಿಂದ ಕೇಳಿದ್ರಿ ಸರ್?" ಎಂದರು.

ಸರ್ ಮಾಳವ್ವನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅವರು "ಹಾಂ, ಆಕಿ ಅವ್ವನಿಂದ" ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

"ನಾ ಕೇಳಿಲ್ಲ," ಎಂದರು ಸರ್. "ಆಕಿ ಕೇಳ್ಯಾಳ. ಬರದಾಕೀನೂ ಆಕಿನ. ನನ್ನ ಹೆಸರು ನಾ ಹಾಕಿಲ್ಲ ಬಾಯಾರ. ಆದ್ರ ಅಳಿಸಲೂ ಇಲ್ಲ."

"ಸರ್ ತಪ್ಪಿಲ್ರಿ," ಎಂದಳು ಮಾಳವ್ವ. "ರೂಢಿ ಐತ್ರಿ ನಮ್ಮಲ್ಲಿ."

ಬಾಯಾರು ಅವಳ ಕಡೆ ತಿರುಗಿದರು. ಅಂದು ಅವರು ಹೇಳಿದ್ದನ್ನು ಈ ಕೆಲಸಕ್ಕೆ ಬರುವವರು ಚಂದಗೆ ಕೇಳಿಸಿಕೊಳ್ಳಿ. "ನೋಡವಾ, ನಿಮ್ಮಪ್ಪ ಮಂದಿ ಎದುರಿಗೆ ನಿಂತು ಹಾಡ್ತಾನ. ಗುರುವಿನ ಹೆಸರ ಹೇಳಿದ್ರೂ ಕಟ್ಟಿದಾಂವ ಯಾರು ಅಂತ ಎಲ್ಲಾರಿಗೂ ಮುಖ ಕಾಣತೈತಿ. ಕಾಗದದಾಗ ನಿನ್ನ ಮುಖ ಎಲ್ಲೈತಿ? ಇಲ್ಲಿ ಹೆಸರ ಮುಖ. ಅದನ್ನ ಕೊಟ್ಟಿ ಅಂದ್ರ ಏನೂ ಉಳೀಲಿಲ್ಲ. ನಾಳೆ ನಿನ್ನದ ನೀ ಬರದ್ರ ನಿನ್ನ ಕಳ್ಳಿ ಅಂತಾರ, ಅಂದ್ರಲ್ಲ."

ಪ್ರಾಚಾರ್ಯರು ಕೆಮ್ಮಿದರು. ಪತ್ರದ ಮಾತು ಮತ್ತೆ ಎತ್ತಲಿಲ್ಲ.

ಆದರೆ ಬಾಯಾರು ಮಾಳವ್ವನ ಹೊಸ ಲೇಖನವನ್ನೂ ತೆಗೆದುಕೊಳ್ಳಲಿಲ್ಲ. ಒಮ್ಮೆ ಅಚ್ಚಾದದ್ದನ್ನು, ತನ್ನದೇ ಇರಲಿ, ಹೊಸದೆಂದು ಕೊಡಬಾರದು ಎಂದರು. ಹಳೆಯದು ಇಂಥ ಸಂಚಿಕೆಯಲ್ಲಿದೆ ಎಂದು ಲೇಖನದಲ್ಲೇ ಹೇಳಿ ಮುಂದಿನದನ್ನು ಬರಿ ಎಂದರು. ಮಾಳವ್ವ ತಲೆಯಾಡಿಸಿದಳು. ಚೀಟಿಯ ಮಾತು ಬಂದಾಗ ಸರ್, "ಹಚ್ಚರಿ. ನನಗೂ ಒಂದು ಕೊಡ್ರಿ, ನನ್ನ ಪ್ರತಿಗೆ ನಾನ ಹಚ್ಚಿಕೋತೀನಿ" ಎಂದು ಎದ್ದರು. ಮಾಳವ್ವ ಅವರ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಹೋದಳು. ಇಬ್ಬರೂ ಮಾತಾಡದೆ ಹೋಗುತ್ತಿದ್ದದ್ದು ಕಿಟಕಿಯಿಂದ ಕಂಡಿತು. ಗೇಟಿನ ಹತ್ತಿರ ಸರ್ ನಿಂತು ಏನೋ ಕೇಳಿದರು, ಅವಳು ಏನೋ ಹೇಳಿದಳು, ಮತ್ತೆ ನಡೆದರು.

ಚೀಟಿಯ ಮಾತು ಬಾಯಾರೇ ಬರೆದರು. ಬರೆದವರು ಮಾಳವ್ವ, ಮಾರ್ಗದರ್ಶನ ಪಾಟೀಲ ಸರ್, ಕೇಳದೆ ಅಚ್ಚು ಹಾಕಿದ ತಪ್ಪು ಪತ್ರಿಕೆಯದು. ಕೊನೆಯ ಮಾತು ಬೇಡ ಎಂದರು ಪ್ರಾಚಾರ್ಯರು. ಬಾಯಾರು ಸುಮ್ಮನಾದರು, ಆ ಸುಮ್ಮನಿರುವಿಕೆ. ಮಾತು ಉಳಿಯಿತು.

ಹೊಸ ಹೆಣ್ಣುಮಕ್ಕಳೇ, ಮಶೀನು ಇಟ್ಟುಕೊಳ್ಳಿ. ಆದರೆ ಕೆಂಪು ಬಂದ ಮೇಲೆ ಮನುಷ್ಯರನ್ನು ಕರೆಸಿ. ದೊಡ್ಡವರನ್ನು ಮೊದಲು ಕರೆಸಿ. ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ.

ಮಾಳವ್ವನ ಮುಂದಿನ ಲೇಖನ ಬಂದಾಗ ಬಾಯಾರು ಇರಲಿಲ್ಲ. ನಿವೃತ್ತಿಯಾಗಿ ಸಾಂಗಲಿಗೆ, ಅಕ್ಕನ ಮನೆಗೆ ಹೋಗಿದ್ದರು. ಮೊದಮೊದಲು ಫೋನು ಮಾಡುವರು. "ಕಸ್ತೂರೀ, ಯಾರಾದ್ರೂ ಓಡಾಕತ್ತಾರೇನು?" ಎಂದು ಕೇಳುವರು. "ಎಲ್ಲಾರೂ ಎಡವಾಕತ್ತಾರ್ರಿ" ಎಂದರೆ ನಗುವರು. ಆಮೇಲೆ ಫೋನು ಬರುವುದು ನಿಂತಿತು. ಈಗ ಅವರು ಇಲ್ಲ. ತೀರಿದ ಸುದ್ದಿ ನನಗೆ ತಡವಾಗಿ ಬಂತು, ಹೋಗಲು ಆಗಲಿಲ್ಲ. ಪತ್ರಿಕೆ ಈಗ ಕಾಗದದಲ್ಲಿ ಬರುವುದಿಲ್ಲ, ಕಂಪ್ಯೂಟರಿನಲ್ಲೇ ಓದುತ್ತಾರೆ. ತಪ್ಪಾದರೆ ಕೂತಲ್ಲಿಂದಲೇ ತಿದ್ದುತ್ತಾರೆ, ಅಂಟು ಬೇಡ, ಬಸ್ಸು ಬೇಡ. ಅದು ಛಲೋ ಅಲ್ಲ ಎನ್ನಲಾರೆ. ನನಗೆ ಮಾತ್ರ ಮುಂಜಾನೆ ಎದ್ದರೆ ಹೋಗಲು ಒಂದು ಊರು ಬೇಕು, ಕಾಯಲು ಒಂದು ದನಿ ಬೇಕು. ಎರಡೂ ಇಲ್ಲ. ಆ ಡಬ್ಬಿ ಮಾತ್ರ ಅಡುಗೆಮನೆಯಲ್ಲಿದೆ. ಜೀರಿಗೆ ಹಾಕಿಟ್ಟಿದ್ದೇನೆ.

ಸರ್ ಬಂದುಹೋದ ದಿನ ಸಂಜೆಗೇ ಚೀಟಿ ಅಚ್ಚಾಗಿ ಬಂದಿತ್ತು. ಬಾಯಾರು ಎಣಿಸಿ ಕೊಟ್ಟು, "ಮೊದಲು ನಮ್ಮ ಗ್ರಂಥಾಲಯ, ಆಮ್ಯಾಲ ಮುಧೋಳ" ಎಂದಿದ್ದರು. ಹೂಂ ಎಂದಿದ್ದೆ.

ಮರುದಿನ ಮುಂಜಾನೆ ಎದ್ದು ಮೈದಾ ಕುದಿಸಿದೆ, ಡಬ್ಬಿ ತುಂಬಿದೆ, ಗಲಗಲಿಯ ಬಸ್ಸು ಹತ್ತಿದೆ.

"ಏನಬೇ ಆಯಿ, ಅಂಬಲಿ ಒಯ್ಯಾಕತ್ತೀ?" ಎಂದ ಕಂಡಕ್ಟರ್.

"ನಿನ್ನ ಬಾಯಿಗೆ ಹಚ್ಚಾಕ. ಟಿಕೀಟ ಕೊಡು."

ಹೊಳೆಯ ಕಡೆಯ ಓಣಿಯಲ್ಲಿ ಮನೆ. ಮಾಳವ್ವ ಪಾಠಕ್ಕೆ ಹೋಗಿದ್ದಳು. ಅವರಪ್ಪ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಪತ್ರಿಕೆಯ ಕಚೇರಿಯಿಂದ ಬಂದೆ, ಪುಸ್ತಕ ತಾ ಎಂದೆ. ಜಗಲಿಯ ಮೇಲಿಂದ ತಂದ, ದೇವರ ಭಂಡಾರದ ಅರಿಶಿನ ಬಿದ್ದು ಹಳದಿಯಾಗಿತ್ತು. ಹಾಳೆ ತೆಗೆದು, ಸರ್ ಹೆಸರಿದ್ದ ಸಾಲಿನ ಮೇಲ್ಗಡೆ ಅಂಟು ಸವರಿ, ಚೀಟಿ ಇಟ್ಟು ಅಂಗೈಯಿಂದ ಒತ್ತಿದೆ.

"ಏನೈತಿ ಅದರಾಗ?" ಎಂದ.

"ನಿನ್ನ ಮಗಳ ಹೆಸರು."

ಕದಿರು ನಿಲ್ಲಿಸಿದ. "ಗುರುವಿನದು ಅಳಿಸಿದ್ರೇನ?"

"ಇಲ್ಲ. ಕೆಳಗ ಐತಿ. ಮ್ಯಾಲ ಆಕಿದು."

"ಯಾವುದು ಆಕಿದು? ತೋರಸು" ಎಂದು ಬೆರಳು ಚಾಚಿದ.

"ತಡಿ. ಹಸಿ ಐತಿ, ಕೈಗೆ ಹತ್ತತೈತಿ."

ಪುಸ್ತಕವನ್ನು ಬಿಸಿಲಿಗೆ ಇಟ್ಟೆ. ಇಬ್ಬರೂ ಅದರ ಅಕ್ಕಪಕ್ಕ ಕೂತೆವು. ತಿರುಗಿ ಹೋಗುವ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಹೋಗಲಿ ಎಂದು ಕೂತೆ. ಒಣಗಿದ ಮೇಲೆ ಅವನ ಬೆರಳು ಹಿಡಿದು ಮಗಳ ಹೆಸರಿನ ಮೇಲೆ ಇಟ್ಟೆ.